ಅಳಿಯನ ಬೆಲ್ಲದ ತುಲಾಭಾರ

ನಂಜನಗೂಡಿನ ಆರ್.ಪಿ. ರಸ್ತೆಯಲ್ಲಿ ಒಂದು ಮಹಡಿ ಹತ್ತಿದರೆ ಗಾಜಿನ ಬಾಗಿಲು, ಬಾಗಿಲ ಮೇಲೆ ಕೊಂಬು ತಗ್ಗಿಸಿದ ಗೂಳಿಯ ಚಿತ್ರ, ಅದರ ಹಿಂದೆ ತಿರುಗುವ ಕುರ್ಚಿ. ಆ ಕುರ್ಚಿಯಲ್ಲಿ ಕೂತಿದ್ದ ಅಮೃತೇಶನನ್ನು ಊರವರು ಶೇರು ಅಮೃತೇಶಣ್ಣ ಎಂದು ಕರೆಯುತ್ತಿದ್ದರು. ಅವನ ಅತ್ತೆ ಚನ್ನಾಜಮ್ಮ ಮಾತ್ರ, ಟಿ. ನರಸೀಪುರದ ತನ್ನ ಹಿಟ್ಟಿನ ಗಿರಣಿಯಲ್ಲಿ ಯಾರಾದರೂ ಅಳಿಯನ ಸುದ್ದಿ ತೆಗೆದರೆ, 'ನಮ್ಮ ಮಧು ಗಂಡ' ಎಂದಷ್ಟೇ ಹೇಳುತ್ತಿದ್ದಳು. ಹೆಸರು ಹೇಳಿದರೆ ಬಾಯಿ ಮುಕ್ಕಳಿಸಬೇಕಾದೀತು ಎಂಬ ಹಾಗೆ.

ಹೆಣ್ಣು ನೋಡಲು ಬಂದ ದಿನವೇ ಅವಳು ಅವನನ್ನು ಅಳೆದಿದ್ದಳು. ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಎದ್ದು ಗಿರಣಿಗೆ ನಡೆದವನು, ಮೋಟರಿನ ಮೇಲಿನ ಧೂಳು ಒರೆಸಿ ಓದಿ, "ಇದೆಷ್ಟು ಎಚ್.ಪೀದು ಅತ್ತೆ?" ಎಂದ. ಇನ್ನೂ ಮಾತುಕತೆ ಆಗಿರಲಿಲ್ಲ, ಆಗಲೇ ಅತ್ತೆ. ಮಧುಶ್ರೀಯ ಮುಖ ನೋಡಿದ್ದು ಆಮೇಲೆ. ಚನ್ನಾಜಮ್ಮನ ಗಂಡ ಸಿದ್ದಮಲ್ಲಪ್ಪ ಆಗ ಬದುಕಿದ್ದ. ಅವನಿಗೆ ಹುಡುಗನ ಅಪ್ಪ ಬೆಟ್ಟಸ್ವಾಮಿಯ ಮೇಲೆ ನಂಬಿಕೆ. ಬೆಟ್ಟಸ್ವಾಮಿ ಗೊಬ್ಬರದ ಅಂಗಡಿಯವರು. ಕಳಲೆ ಕಡೆಯ ರೈತರಿಗೆಲ್ಲ ಬೇಕಾದವರು, ಮಾತಿಗೆ ತಪ್ಪದವರು. "ಬೀಜ ಒಳ್ಳೇದಾದ್ರೆ ಬೆಳೆ ಕೆಡಕ್ಕಿಲ್ಲ" ಎಂದು ಸಿದ್ದಮಲ್ಲಪ್ಪ ತೀರ್ಪು ಕೊಟ್ಟುಬಿಟ್ಟ. ಗೊಬ್ಬರದಂಗಡಿಯವರ ಮನೆಯಲ್ಲೂ ಬೆಳೆ ಕೆಡಬಹುದು ಎಂದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ.

ಆ ಗೊಬ್ಬರದ ವಾಸನೆ ಮಗನಿಗೆ ಆಗುತ್ತಿರಲಿಲ್ಲ. ಅಪ್ಪ ಸತ್ತ ವರ್ಷವೇ ಅಂಗಡಿ ಮುಚ್ಚಿ, ಮೈಸೂರಿನ ಯಾವನೋ ಶೇರು ದಲ್ಲಾಳಿಯ ಹತ್ತಿರ ಕೂತು ನಾಲ್ಕು ಮಾತು ಕಲಿತು, ತಾನೂ ಬ್ರೋಕರನೆಂದು ಬೋರ್ಡು ಹಾಕಿಕೊಂಡ. ನಂಜನಗೂಡಿನಲ್ಲಿ ಆಗ ಅದು ಹೊಸ ಕಸುಬು. ರಿಟೈರಾದ ಮೇಷ್ಟ್ರುಗಳು, ಜಮೀನು ತಾಂಡ್ಯದ ಕಾರ್ಖಾನೆಗಳಿಗೆ ಹೋಗಿ ಪರಿಹಾರ ಬಂದವರು, ಬಾಳೆಮಂಡಿಯವರು, ಎಲ್ಲರೂ ಮಹಡಿ ಹತ್ತತೊಡಗಿದರು. ಬೆಳಿಗ್ಗೆ ಟಿ.ವಿ.ಯಲ್ಲಿ ಕೇಳಿದ್ದನ್ನು ಮಧ್ಯಾಹ್ನ ತನ್ನ ಮಾತಾಗಿ ಹೇಳುವುದು ಅಮೃತೇಶನ ವಿದ್ಯೆ. "ಮಾರ್ಕೆಟ್ಟು ಸ್ವಲ್ಪ ನರ್ವಸ್ಸಾಗದೆ ಸಾ" ಎನ್ನುತ್ತಿದ್ದ, ಮಾರ್ಕೆಟ್ಟು ಅವನ ಮನೆಯ ಬಸುರಿ ಹೆಂಗಸೋ ಎಂಬಂತೆ. ಕೇಳುವವರು ತಲೆಯಾಡಿಸುತ್ತಿದ್ದರು. ತಲೆಯಾಡಿಸುವವರಿದ್ದರೆ ಕೋಲೆಬಸವನಿಗೂ ತಾನು ಜ್ಯೋತಿಷಿ ಅನ್ನಿಸುತ್ತದೆ.

ಚನ್ನಾಜಮ್ಮನ ಹೆಸರು ಈ ವ್ಯಾಪಾರದೊಳಗೆ ಸೇರಿದ್ದು ಒಂದು ಗೌರಿಹಬ್ಬದಲ್ಲಿ. ಹಬ್ಬಕ್ಕೆ ಕರೆಸಿದ ಅಳಿಯ ಎಲೆಯ ಮುಂದೆ ಕೂತು ಕೇಳಿದ್ದನ್ನು ಇಲ್ಲವೆನ್ನಬಾರದು ಎಂಬುದು ಅವರ ಮನೆಗಳ ಕಟ್ಟು. ಅದಕ್ಕೇ ಉಂಗುರ ಕೇಳುವವರುಂಟು, ಬೈಕು ಕೇಳುವವರುಂಟು. ಸಿದ್ದಮಲ್ಲಪ್ಪ ತೀರಿಕೊಂಡು ವರ್ಷ ಕಳೆದಿತ್ತು. ಎಲೆಗೆ ಒಬ್ಬಟ್ಟು ಬಿದ್ದು, ಚನ್ನಾಜಮ್ಮ ತುಪ್ಪದ ಗಿಂಡಿ ಬಗ್ಗಿಸಿದ್ದಳು. ಅಮೃತೇಶ ಎಡಗೈಯಲ್ಲಿ ಒಂದು ಕಾಗದದ ಕಂತೆ ಮುಂದೆ ಚಾಚಿದ.

"ಅತ್ತೆ, ಒಂದು ಡಿಮ್ಯಾಟ್ ಅಕೌಂಟು. ಶೇರು ಇಡೋ ಪೆಟ್ಟಿಗೆ ಅನ್ಕಳಿ. ಹೆಣ್ಮಕ್ಳ ಹೆಸ್ರಲ್ಲಿದ್ರೆ ಲಕ್ಷ್ಮಿ ನಿಲ್ತಾಳೆ."

"ನಿನ್ನ ಎಂಡ್ರೂ ಎಣ್ಣಲ್ವಾ ಕಣಪ್ಪಾ?"

"ಅವಳ ಹೆಸ್ರಲ್ಲಿ ಆಗ್ಲೇ ಎರಡವೆ."

ಅವನು ಒಬ್ಬಟ್ಟು ಮುರಿಯದೆ ಕೂತ. ಎಲೆಯ ಮುಂದೆ ಅಳಿಯ ಕೈ ಎತ್ತಿಕೊಂಡರೆ ಮನೆಗೇ ಅವಮಾನ. ಮಧುಶ್ರೀ ಅಡಿಗೆಮನೆಯ ಬಾಗಿಲಿಂದ ತಾಯಿಯನ್ನೇ ನೋಡುತ್ತಿದ್ದಳು. ಚನ್ನಾಜಮ್ಮ ಗಿಂಡಿ ಕೆಳಗಿಟ್ಟು, ಅವನು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯಲ್ಲೆಲ್ಲ ಚ, ನ್ನಾ, ಜ, ಮ್ಮ ಎಂದು ಒಂದೊಂದೇ ಅಕ್ಷರ ಕೂಡಿಸಿ ಬರೆದುಕೊಟ್ಟಳು. ಅವನು ಅದನ್ನು ಮಡಿಚಿ ತೊಡೆಯ ಕೆಳಗಿಟ್ಟುಕೊಂಡು ಒಬ್ಬಟ್ಟು ಮುಗಿಸಿ ಇನ್ನೊಂದು ಹಾಕಿಸಿಕೊಂಡ.

ಅಲ್ಲಿಂದ ಆ ಪೆಟ್ಟಿಗೆಯಲ್ಲಿ ಏನು ಬಂತು, ಏನು ಹೋಯಿತು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ತಾಂಡ್ಯದಲ್ಲಿ ಸೋಮಗಿರಿ ಟ್ಯೂಬ್ಸ್ ಎಂದು ಒಂದು ಕಾರ್ಖಾನೆ. ಹಲ್ಲುಜ್ಜುವ ಪೇಸ್ಟಿಗೆ, ಮುಲಾಮಿಗೆ ಟ್ಯೂಬು ಮಾಡುವುದು. ಅಲ್ಲಿ ಲೆಕ್ಕದ ಆಫೀಸರಾಗಿದ್ದ ರಾಜೇಂದ್ರ ಅಮೃತೇಶನ ಗೆಳೆಯ. ಮೊಮ್ಮಗಳು ಲಿಖಿತಾಳ ಹುಟ್ಟಿದ ಹಬ್ಬಕ್ಕೆಂದು ಚನ್ನಾಜಮ್ಮ ನಂಜನಗೂಡಿಗೆ ಹೋಗಿದ್ದಾಗ ರಾಜೇಂದ್ರನೂ ಊಟಕ್ಕೆ ಬಂದಿದ್ದ. ಕುತ್ತಿಗೆಯಲ್ಲಿ ಕಾರ್ಖಾನೆಯ ಗುರುತಿನ ಚೀಟಿ ತೂಗಿಹಾಕಿಕೊಂಡೇ ಊಟಕ್ಕೆ ಕೂತಿದ್ದ. ಅದು ಸಾರಿನೊಳಗೆ ಅದ್ದಿದ್ದೂ ಅವನಿಗೆ ತಿಳಿಯಲಿಲ್ಲ.

"ಅಮೃತ, ನಾನು ಏನೂ ಹೇಳಂಗಿಲ್ಲ ಕಣೋ. ನಮ್ಮತ್ರ ಎಲ್ಲಾ ಸಹಿ ಹಾಕುಸ್ಕಂಡವ್ರೆ," ಎಂದ.

"ಹೇಳ್ಬೇಡ ಬುಡು. ನಾನೇನಾದ್ರೂ ಕೇಳುದ್ನಾ?"

"ಹೇಳಂಗಿಲ್ಲ ಅಂದ್ಮೇಲೆ ಹೇಳಂಗಿಲ್ಲ." ಒಂದು ತುತ್ತು ನುಂಗಿದ. "ಜಪಾನಿನೋರು ಬಂದು ನೋಡ್ಕಂಡು ಹೋದ್ರು. ಪೂರಾ ಕಂಪ್ನೀನೇ ತಕ್ಕತಾವ್ರೆ. ಈಗಿರೋ ರೇಟಿಗೆ ಒಂದೂವರೆಯಷ್ಟು ಕೊಟ್ಟು. ಇನ್ನೊಂದೆರಡು ವಾರದಲ್ಲಿ ಹೊರಗೆ ಬತ್ತದೆ. ಯಾರಿಗೂ ಹೇಳ್ಬ್ಯಾಡ."

ಹೀಗೆ, ಹೇಳುವುದಿಲ್ಲ ಹೇಳುವುದಿಲ್ಲ ಎಂದೇ ಎಲ್ಲ ಹೇಳಿ, ಪಾಯಸ ಎರಡು ಸಲ ಹಾಕಿಸಿಕೊಂಡು ಕುಡಿದ. ಬಡಿಸುತ್ತಿದ್ದವಳು ಚನ್ನಾಜಮ್ಮ. ಬಡಿಸುವವರಿಗೆ ಕಿವಿ ಇರುವುದಿಲ್ಲ ಎಂದು ಉಣ್ಣುವವರು ತಿಳಿದಿರುತ್ತಾರೆ.

ಮಾರನೆಯ ದಿನದಿಂದ ಅಮೃತೇಶ ಸೋಮಗಿರಿಯ ಶೇರು ಕೊಳ್ಳತೊಡಗಿದ. ತನ್ನ ಹೆಸರಿನಲ್ಲಲ್ಲ, ಹೆಂಡತಿಯ ಹೆಸರಿನಲ್ಲೂ ಅಲ್ಲ. ಅತ್ತೆಯ ಪೆಟ್ಟಿಗೆಯಲ್ಲಿ. ಕಂಪನಿಯ ಒಳಗಿನ ಗುಟ್ಟು ತಿಳಿದುಕೊಂಡು ಶೇರು ಕೊಳ್ಳುವುದು ಸರ್ಕಾರದ ಕಾನೂನಿಗೆ ಕಳ್ಳತನವೇ; ಆ ಕಾನೂನು ಬೇರೆ ಯಾರಿಗೆ ಗೊತ್ತಿರದಿದ್ದರೂ ಬ್ರೋಕರನಿಗೆ ಗೊತ್ತಿರಲೇಬೇಕು, ಪರೀಕ್ಷೆ ಬರೆಸಿಯೇ ಲೈಸೆನ್ಸು ಕೊಟ್ಟಿರುತ್ತಾರೆ. ಗೊತ್ತಿದ್ದದ್ದಕ್ಕೇ ಅತ್ತೆಯ ಪೆಟ್ಟಿಗೆ.

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ತಿಳಿಯುತ್ತಿತ್ತೋ ಇಲ್ಲವೋ. ಆದರೆ ಅವನು ದೇವರ ಜೊತೆಗೂ ವ್ಯಾಪಾರಕ್ಕಿಳಿದ. ಶೇರು ಏರಿದರೆ ಶ್ರೀಕಂಠೇಶ್ವರನಿಗೆ ತನ್ನ ತೂಕದ ಬೆಲ್ಲ ಎಂದು ಹರಕೆ ಹೊತ್ತ. ಹರಕೆಯೆಂದರೆ ಕೆಲಸವಾದ ಮೇಲೆ ತೀರಿಸುವುದು. ಅಮೃತೇಶನಿಗೆ ಅದು ಉದ್ದರಿ ವ್ಯಾಪಾರದ ಹಾಗೆ ಕಂಡಿತು. ಮುಂಗಡ ಕೊಟ್ಟುಬಿಟ್ಟರೆ ದೇವರು ಮಾತಿಗೆ ಸಿಕ್ಕಿಬೀಳುತ್ತಾನೆ, ಆಮೇಲೆ ಹಿಂದೆಗೆಯಲಾರ ಎಂದು ಅವನ ತರ್ಕ. ಜಪಾನಿನ ಸುದ್ದಿ ಹೊರಬೀಳುವುದಕ್ಕೆ ಮುಂಚಿನ ಸೋಮವಾರವೇ ಹೆಂಡತಿ, ಮಗಳು, ಅತ್ತೆಯನ್ನು ಕಟ್ಟಿಕೊಂಡು ದೇವಸ್ಥಾನಕ್ಕೆ ಹೋದ.

ಅವತ್ತು ಬೆಳಿಗ್ಗೆ ತಿಂಡಿ ತಿನ್ನಲಿಲ್ಲ. "ಉಪಾಸ, ಅತ್ತೆ," ಎಂದ. ಉಪವಾಸವಂತೆ. ತಕ್ಕಡಿಯ ಹತ್ತಿರ ಬರುತ್ತಲೇ ಗಡಿಯಾರ ಬಿಚ್ಚಿ ಕೊಟ್ಟ, ಕೈಯ ಕಡಗ ತೆಗೆದ, ಸೊಂಟದ ಬೆಲ್ಟು ಸಡಿಲಿಸಿ ಎಳೆದು ಮಧುಶ್ರೀಯ ಹೆಗಲ ಮೇಲೆ ಹಾಕಿದ, ಜೇಬಿನ ಬೀಗದ ಕೈ ಗೊಂಚಲನ್ನೂ ತೆಗೆದ. ಆಗ ಚನ್ನಾಜಮ್ಮನಿಗೆ ಅವನ ಉಪವಾಸದ ಮರ್ಮ ತಿಳಿಯಿತು. ದೇವರಿಗೆ ಕೊಡುವ ಬೆಲ್ಲದಲ್ಲಿ ಒಂದು ಅಚ್ಚು ಉಳಿಸುವ ಉಪವಾಸ ಅದು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭಕ್ತಿಯಿಂದ ಎಂದು ಪಕ್ಕದವರು ತಿಳಿದರು.

ಅರ್ಚಕರು ಅಕ್ಷತೆ ಹಿಡಿದು ಸಂಕಲ್ಪಕ್ಕೆ ನಿಂತು ಕೇಳಿದರು, "ಇಷ್ಟಾರ್ಥ ಸಿದ್ಧಿ ಅಂತ ಹೇಳಲಾ?"

ತಕ್ಕಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ ಅಮೃತೇಶ ಬೆಚ್ಚಿದ. "ಇಷ್ಟಾರ್ಥ ಅಂದ್ರೆ ಸಾಲ್ದು ಸ್ವಾಮಿ! ದಿನಕ್ಕೆ ನೂರು ಜನ ಇಷ್ಟಾರ್ಥ ಅಂತಾರೆ, ಯಾರದು ಯಾವ್ದು ಅಂತ ಗೊತ್ತಾಗ್ಬೇಕಲ್ಲ. ಕಂಪ್ನಿ ಹೆಸ್ರು ಹಾಕಿ. ತಾಂಡ್ಯದ ಸೋಮಗಿರಿ ಟ್ಯೂಬ್ಸು. ಜಪಾನಿನೋರಿಗೆ ಸುಸೂತ್ರ ಮಾರಾಟ ಆಗ್ಬೇಕು. ಜಪಾನು ಅಂತ್ಲೂ ಸೇರುಸ್ಬುಡಿ."

ಅರ್ಚಕರು ಎಂಥೆಂಥ ಬೇಡಿಕೆ ಕೇಳಿದವರೋ, ಹುಬ್ಬು ಕೂಡ ಎತ್ತಲಿಲ್ಲ. ಮಂತ್ರದ ನಡುವೆ, ಗೋತ್ರ ನಕ್ಷತ್ರದ ಬೆನ್ನಿಗೆ, 'ಸೋಮಗಿರಿ ಟ್ಯೂಬ್ಸ್ ನಾಮಕ ಸಂಸ್ಥಾಯಾಃ ಜಪಾನ್ ದೇಶೀಯೇಭ್ಯಃ ನಿರ್ವಿಘ್ನ ವಿಕ್ರಯ ಸಿದ್ಧ್ಯರ್ಥಂ' ಎಂದು ಗಂಟೆ ಬಾರಿಸಿದ ಹಾಗೆ ಹೇಳಿ ಅಕ್ಷತೆ ಹಾಕಿದರು. ಗಂಡ ಹೇಳಿದ್ದನ್ನೆಲ್ಲ ಮಾಡುವ ಮಧುಶ್ರೀ ಅವನ ಫೋನಿನಲ್ಲೇ ಮೊದಲಿಂದ ಕೊನೆಯವರೆಗೆ ವಿಡಿಯೋ ಹಿಡಿದಳು. ತಕ್ಕಡಿ ಮೇಲೆದ್ದಾಗ ಅಮೃತೇಶ ಕೈ ಮುಗಿದುಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಮಠದ ಸ್ವಾಮಿಯ ಹಾಗೆ ನಗುತ್ತಿದ್ದ.

ಸಂಜೆಯೊಳಗೆ ಅದು ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿತ್ತು. ಶೇರು ಕೊಳ್ಳುವ ಗಿರಾಕಿಗಳದ್ದೇ ಒಂದು ಗುಂಪು ಮಾಡಿದ್ದ, ಅದರಲ್ಲೂ ಇತ್ತು. ಎಲ್ಲರೂ ಕೈ ಮುಗಿಯುವ ಚಿತ್ರ ಒತ್ತಿದರು, ಮಂತ್ರಕ್ಕೆ ಕಿವಿಗೊಟ್ಟವರು ಆಗ ಯಾರೂ ಇರಲಿಲ್ಲ.

ಆ ಶುಕ್ರವಾರ ಸುದ್ದಿ ಹೊರಬಿತ್ತು. ಶೇರು ಏರಿತು. ಅಮೃತೇಶ ಮಾರಿದ. ಬಿಳಿಯ ದೊಡ್ಡ ಕಾರು ಬಂತು. 'ದೇವ್ರು ಕೊಟ್ಟ' ಎಂದು ಆರ್.ಪಿ. ರಸ್ತೆಯ ತುಂಬ ಹೇಳಿಕೊಂಡು ತಿರುಗಿದ. ಗಿರಾಕಿಗಳ ಕೈಗೆಲ್ಲ ಪ್ರಸಾದದ ಬೆಲ್ಲ ಬಂತು, ಅವರು ಅದನ್ನು ಕಣ್ಣಿಗೊತ್ತಿಕೊಂಡು ತಿಂದರು. ನಮಗೂ ಮೊದಲೇ ಹೇಳಲಿಲ್ಲವಲ್ಲ ಎಂದು ಒಳಗೊಳಗೇ ಉರಿದುಕೊಂಡರು. ಅವನು ಕದ್ದ ಎಂದು ಒಬ್ಬರಿಗೂ ಸಿಟ್ಟಿಲ್ಲ. ನಮ್ಮನ್ನು ಬಿಟ್ಟು ಕದ್ದ ಎಂದು ಸಿಟ್ಟು. ಅಂಥ ಸಿಟ್ಟಿನವನೊಬ್ಬ ಆ ವಿಡಿಯೋವನ್ನು, ಎಲ್ಲಿಗೆ ಕಳಿಸಿದರೆ ಮುಟ್ಟುತ್ತದೋ ಅಲ್ಲಿಗೆ ಕಳಿಸಿದ.

ನೋಟಿಸು ಬಂದದ್ದು ಗಿರಣಿಗೆ. ಅಂಚೆಯ ದೊಡ್ಡಮಾದಯ್ಯ ದಪ್ಪ ಲಕೋಟೆ ತಂದು, "ಅವ್ವಾ, ಮುಂಬೈನಿಂದ ಬಂದದೆ. ಸೆಬಿಯಂತೆ," ಎಂದ.

ರಾಗಿ ಬೀಸಿಸಲು ಕೂತಿದ್ದ ಪಕ್ಕದ ಬೀದಿಯ ಮಾದಮ್ಮ ಬಗ್ಗಿ ನೋಡಿದಳು. "ಅದೆಂಥ ಸೇಬಿ?"

"ಶೇರುಪೇಟೆ ಮೇಲೆ ಕಣ್ಣು ಮಡಗಿರೋ ಸರ್ಕಾರದ ಕಚೇರಿ ಕಣವ್ವಾ," ಎಂದ ದೊಡ್ಡಮಾದಯ್ಯ, ಚನ್ನಾಜಮ್ಮ ಒಡೆದುಕೊಟ್ಟ ಕಾಗದ ಓದುತ್ತ. "ಚನ್ನಾಜವ್ವಾರ ಮ್ಯಾಲೆ ಕೇಸು. ಗುಟ್ಟು ತಿಳ್ಕಂಡು ಶೇರು ತಕ್ಕಂಡ್ರಂತೆ."

ಮಾದಮ್ಮ ಚೀಲ ಬಿಟ್ಟು ಎದ್ದು ನಿಂತಳು. ಮೈಯೆಲ್ಲ ಹಿಟ್ಟು ಬಡಿದುಕೊಂಡು ನಿಂತಿದ್ದ ಚನ್ನಾಜಮ್ಮನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಅಲ್ಲಾ ಕಣಕ್ಕಾ, ನಂಗೆ ಒಂದು ಸೇರು ರಾಗಿ ಎಚ್ಚಾಗಿ ಬೀಸ್ಕೊಡು ಅಂದ್ರೆ ಕೊಡಕ್ಕಿಲ್ಲ, ನೀನ್ಯಾವಾಗ ಮುಂಬೈನ ಶೇರು ತಕ್ಕಂಡೆ?" ಎಂದು, ತಾನೇ ಉತ್ತರವನ್ನೂ ಕೊಟ್ಟಳು. "ನಿನ್ನ ಅಳಿಯ. ಕೋತಿ ಮೊಸ್ರು ತಿಂದು ಮ್ಯಾಕೆ ಬಾಯಿಗೆ ಒರೆಸ್ತಂತೆ."

ಗಿರಣಿಯಲ್ಲಿದ್ದವರೆಲ್ಲ ನಕ್ಕರು. ಚನ್ನಾಜಮ್ಮ ಪಟ್ಟಿ ಹಾಕಿ ಮೋಟರು ಬಿಟ್ಟಳು, ನಗು ಆ ಸದ್ದಿನಲ್ಲಿ ಮುಳುಗಿತು. ನಲವತ್ತು ವರ್ಷ ಆ ಬೀದಿಯಲ್ಲಿ ತೂಕದಲ್ಲಿ ಮೋಸವೆಂದು ಅವಳ ಮೇಲೆ ಒಬ್ಬರೂ ಬೆರಳು ತೋರಿಸಿರಲಿಲ್ಲ.

ಆ ವಾರವೇ ಅಮೃತೇಶ ಅವಳನ್ನು ನಂಜನಗೂಡಿಗೆ ಕರೆಸಿಕೊಂಡ. ಗಾಜಿನ ಬಾಗಿಲ ಹಿಂದೆ ಮೈಸೂರಿನ ವಕೀಲ ಚಿನ್ಮಯ ಕೂತಿದ್ದ. ಚಿಕ್ಕ ವಯಸ್ಸು, ಕತ್ತಿನಲ್ಲಿ ಟೈ, ಮಾತು ಬೆಣ್ಣೆ ಸವರಿದ ಹಾಗೆ.

"ಅಮ್ಮ, ವಿಷಯ ಬಹಳ ಸರಳ. ಖಾತೆ ನಿಮ್ಮದು. ಕೊಂಡಿದ್ದು ನೀವು. ನಿಮಗೆ ಯಾರೂ ಏನೂ ಹೇಳಿರಲಿಲ್ಲ. ನೀವು ಸಂಗಮದ ಅಗಸ್ತ್ಯೇಶ್ವರನ ಹತ್ತಿರ ಹೂಪ್ರಸಾದ ಕೇಳಿದಿರಿ. ಬಲಗಡೆಯಿಂದ ಹೂ ಬಿತ್ತು. ಅದರ ಮೇಲೆ ಅಳಿಯನಿಗೆ ಕೊಳ್ಳಲು ಹೇಳಿದಿರಿ. ನಂಬಿಕೆ ಅಪರಾಧ ಅಲ್ಲ. ವಯಸ್ಸಾದ ಹೆಂಗಸು, ದೈವಭಕ್ತೆ. ಹೆಚ್ಚೆಂದರೆ ನಿಮಗೆ ಸಣ್ಣ ದಂಡ. ಅಮೃತೇಶ್ ಅವರ ಲೈಸೆನ್ಸ್ ಉಳಿಯುತ್ತದೆ."

ಚನ್ನಾಜಮ್ಮ ಸೆರಗಿನ ಒಳಗಿಂದ ಕೊರಳಿನ ಕರಡಿಗೆ ಹೊರತೆಗೆದು ತೋರಿಸಿದಳು. "ಇದೇನು ಗೊತ್ತೇನಪ್ಪಾ? ಲಿಂಗ. ದಿನಾ ಅಂಗೈಲಿ ಮಡೀಕಂಡು ಪೂಜೆ ಮಾಡ್ತೀನಿ. ಕೇಳೋದಿದ್ರೆ ಇವನ್ನೇ ಕೇಳ್ತೀನಿ. ನಮ್ಮನೇಲಿ ಯಾವತ್ತು ಯಾರು ಊವ ಕೇಳುದ್ರು?"

ವಕೀಲ ಅಮೃತೇಶನ ಮುಖ ನೋಡಿದ. ಅಮೃತೇಶನ ಕೊರಳಲ್ಲೂ ಲಿಂಗವಿರಬೇಕಿತ್ತು. ಅವನು ಕಾಲರು ಸರಿಮಾಡಿಕೊಂಡು, "ಮುಂಬೈನೋರಿಗೆ ಅದೆಲ್ಲಾ ಎಲ್ಲಿ ಗೊತ್ತಾಯ್ತದೆ ಅತ್ತೆ," ಎಂದ.

"ಸುಳ್ಳು ಅಂತ ನಂಗೆ ಗೊತ್ತಾಯ್ತದಲ್ಲ."

ಇಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ಮಧುಶ್ರೀ ಎದ್ದುಬಂದು ತಾಯಿಯ ಕೈ ಹಿಡಿದುಕೊಂಡಳು. "ಅವ್ವಾ, ಲೈಸೆನ್ಸು ಓಗ್ಬುಟ್ರೆ ನಾವು ಬೀದಿಗೆ ಬತ್ತೀವಿ. ಲಿಖಿತಾ ಇಸ್ಕೂಲಲ್ಲಿ ಆಗ್ಲೇ ಮಕ್ಳು ಆಡ್ಕತಾವಂತೆ. ನಿಂಗೇನಾಯ್ತದೆ? ಗಿರಣಿ ಇದ್ದೇ ಅದೆ. ನಂಗೋಸ್ಕರ ಒಂದು ಮಾತು ಏಳು."

ನಿಂಗೇನಾಯ್ತದೆ ಎಂಬ ಮಾತು ಚನ್ನಾಜಮ್ಮನಿಗೆ ಮಗಳ ಬಾಯಿಂದ ಬಂದಂತೆ ಕೇಳಲಿಲ್ಲ, ಅವಳ ಬಾಯೊಳಗೆ ಅವನು ಕೂತು ಆಡಿಸಿದಂತೆ ಕೇಳಿತು. ಆದರೂ ಕೈ ಮಗಳದ್ದೇ. ಒದ್ದೆಯಾಗಿತ್ತು.

"ಏಳ್ತೀನಿ ಬುಡು," ಎಂದಳು.

ಬಸ್ಸಿನಲ್ಲಿ ಟಿ. ನರಸೀಪುರಕ್ಕೆ ಹಿಂದಿರುಗುವಾಗ ಹೂ ಬಿತ್ತು, ಬಲಗಡೆ ಬಿತ್ತು ಎಂದು ಬಾಯಿಪಾಠ ಮಾಡಿದಳು. ಪ್ರತಿ ಸಲವೂ ನಾಲಗೆ ಮೇಲೆ ರಾಗಿಯೊಳಗಿನ ಕಲ್ಲು ಸಿಕ್ಕಂತಾಗುತ್ತಿತ್ತು.

ವಿಚಾರಣೆಯ ದಿನ ಅದೇ ಆಫೀಸಿನಲ್ಲಿ ಕಂಪ್ಯೂಟರಿನ ಪರದೆ ಹಾಕಿದ್ದರು. ಮುಂಬೈನಲ್ಲಿ ಕೂತ ಹೆಣ್ಣು ಅಧಿಕಾರಿ ಪರದೆಯಲ್ಲಿ ಕಂಡಳು. ಕನ್ನಡಕ, ಬಿಗಿದು ಕಟ್ಟಿದ ಜುಟ್ಟು, ಏರದ ದನಿ. ಅವಳ ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ಅಧಿಕಾರಿ. ಅವಳು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಅವನು ಕನ್ನಡದಲ್ಲಿ ಕೇಳುವುದು. ಅಮೃತೇಶ ಹಣೆಗೆ ಮೂರು ಗೆರೆ ವಿಭೂತಿ ಬಳಿದುಕೊಂಡು ಬಂದಿದ್ದ. ಮದುವೆಯ ದಿನ ಬಿಟ್ಟರೆ ಅವನ ಹಣೆಯ ಮೇಲೆ ಅಷ್ಟು ವಿಭೂತಿಯನ್ನು ಚನ್ನಾಜಮ್ಮ ಕಂಡಿರಲಿಲ್ಲ.

ಚಿನ್ಮಯ ಮೊದಲು ಹೂವಿನ ಕತೆ ಹೇಳಿದ. ಇಂಗ್ಲಿಷಿನಲ್ಲಿ ಅದು ಹೇಗೆ ಕೇಳಿತೋ, ಅಧಿಕಾರಿ ತಲೆಯೆತ್ತದೆ ಬರೆದುಕೊಂಡಳು. ಆಮೇಲೆ ಪರದೆಯಲ್ಲಿ ಅವಳ ಮುಖ ಮರೆಯಾಗಿ, ಅಲ್ಲಿ ತಕ್ಕಡಿ ಬಂತು. ತಕ್ಕಡಿಯಲ್ಲಿ ಅಮೃತೇಶ. 'ಜಪಾನು ಅಂತ್ಲೂ ಸೇರುಸ್ಬುಡಿ' ಎಂಬ ಅವನದೇ ದನಿ. ಗಂಟೆಯಂಥ ಸಂಸ್ಕೃತ. ಏರುವ ತಕ್ಕಡಿ, ಒಳಗೆಳೆದ ಹೊಟ್ಟೆ, ನಗು.

ಚಿನ್ಮಯ ಆ ವಿಡಿಯೋವನ್ನು ಮೊದಲ ಸಲ ನೋಡುತ್ತಿದ್ದ. ಅದು ಅವನ ಕಿವಿಯ ಬಣ್ಣದಲ್ಲೇ ತಿಳಿಯುತ್ತಿತ್ತು.

"ಇದು ಸುದ್ದಿ ಹೊರಬರೋದಕ್ಕೆ ಮುಂಚಿನ ಸೋಮವಾರದ್ದು," ಎಂದ ಕನ್ನಡದ ಅಧಿಕಾರಿ. "ಮೇಡಂ ಕೇಳ್ತಿದ್ದಾರೆ, ಹೂವು ಜಪಾನ್ ಅಂತಲೂ ಹೇಳಿತ್ತಾ?"

ಅಮೃತೇಶ ಕುರ್ಚಿಯ ತುದಿಗೆ ಜರುಗಿದ. ವಕೀಲ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. "ಮೇಡಂ, ಆ ಹರಕೆ ನಂದಲ್ಲ. ನಮ್ಮತ್ತೇದು. ಅವ್ರು ಹೆಂಗಸು ಅಂತ ತಕ್ಕಡೀಲಿ ನಾನು ಕೂತೆ ಅಷ್ಟೇ. ರಾಜೇಂದ್ರ ಹೇಳಿದ್ದು ಅವರತ್ರ, ನನ್ನತ್ರ ಅಲ್ಲ."

ಚಿನ್ಮಯ ಎರಡು ಕೈಯಲ್ಲೂ ತಲೆ ಹಿಡಿದುಕೊಂಡ.

"ರಾಜೇಂದ್ರ ಯಾರು?" ಎಂದ ಅಧಿಕಾರಿ. ಅಲ್ಲಿಯವರೆಗೆ ಯಾರ ಬಾಯಲ್ಲೂ ಆ ಹೆಸರು ಬಂದಿರಲಿಲ್ಲ.

ಅಮೃತೇಶ ಅತ್ತೆಯ ಕಡೆ ತಿರುಗಿ, ಕೈ ತೋರಿಸಿ, "ಅವ್ರನ್ನೇ ಕೇಳಿ," ಎಂದ.

ಚನ್ನಾಜಮ್ಮ ಆ ಕೈಯನ್ನು ನೋಡಿದಳು. ಎಲೆಯ ಮುಂದೆ ಕಾಗದ ಚಾಚಿದ ಕೈ, ಒಬ್ಬಟ್ಟಿನ ಕೈ. ಹೂವಿನ ಸುಳ್ಳಾದರೆ ಮಗಳಿಗಾಗಿ ನುಂಗಿಬಿಡುವುದು ಎಂದೇ ಬಂದಿದ್ದಳು. ಇವನು ಸುಳ್ಳಿಗೂ ನಿಷ್ಠನಲ್ಲ. ಹೇಳಿಕೊಟ್ಟ ಸುಳ್ಳನ್ನು ತಾನೇ ಮುರಿದು, ಮುರಿದ ಚೂರನ್ನು ಅವಳ ಮಡಿಲಿಗೆ ಎಸೆಯುತ್ತಿದ್ದಾನೆ.

"ಅಮ್ಮ, ನಿಮಗೆ ಗೊತ್ತಿರೋದು ಹೇಳಿ," ಎಂದ ಅಧಿಕಾರಿ.

"ಏಳ್ತೀನಪ್ಪಾ. ಊವ ಕೇಳ್ನಿಲ್ಲ, ಊವ ಬೀಳ್ನಿಲ್ಲ. ದೇವರ ತಲೆಗೆ ಅದ ಕಟ್ಬ್ಯಾಡಿ. ರಾಜೇಂದ್ರ ಅನ್ನೋನು ಆ ಕಾರ್ಖಾನೆಲಿ ಲೆಕ್ಕ ಬರೆಯೋನು, ನನ್ನ ಮೊಮ್ಮಗಳ ಉಟ್ಟಿದಬ್ಬದ ದಿನ ಉಂಡ್ಕಂಡು ಎಲ್ಲಾನೂ ಏಳ್ದ. ಇವನಿಗೆ ಏಳ್ದ. ನಾನು ಪಾಯಸ ಬಡಿಸ್ತಿದ್ದೆ. ಶೇರು ಅಂದ್ರೆ ನಂಗೆ ರಾಗಿ ಅಳೆಯೋ ಸೇರು. ಕಾಗದಕ್ಕೆ ಸಯಿ ಆಕಿದ್ದು ನಾನೇ, ಅದು ಸುಳ್ಳಲ್ಲ, ಅದಕ್ಕೇನು ದಂಡ ಆಕ್ತೀರೋ ಆಕಿ. ಅರಕೆ ಇವನದು. ನನ್ನ ಅರಕೆ ಆಗಿದ್ರೆ ಬೆಲ್ಲ ಉಳಿಸೋಕೆ ಬೆಲ್ಟು ಬಿಚ್ತಿರ್ನಿಲ್ಲ."

ಕನ್ನಡದ ಅಧಿಕಾರಿ ಕೊನೆಯ ಮಾತನ್ನು ಇಂಗ್ಲಿಷಿನಲ್ಲಿ ಹೇಳುವಾಗ ಕೆಮ್ಮಿದ. ಕನ್ನಡಕದ ಹೆಂಗಸು ಮೊದಲ ಸಲ ತಲೆಯೆತ್ತಿ ಚನ್ನಾಜಮ್ಮನನ್ನು ನೋಡಿದಳು.

ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಮಧುಶ್ರೀ ಎದ್ದು, ತಾಯಿಯ ಕಡೆ ತಿರುಗಿಯೂ ನೋಡದೆ ಮೆಟ್ಟಲಿಳಿದು ಹೋದಳು. ಆ ದಿನ ಚನ್ನಾಜಮ್ಮ ಒಬ್ಬಳೇ ಬಸ್ಸು ಹತ್ತಿದಳು.

ಆದೇಶ ಬರಲು ಬೇಸಿಗೆ ಕಳೆಯಿತು. ಅಮೃತೇಶ ವರ್ಷಗಟ್ಟಲೆ ಶೇರುಪೇಟೆಯ ಹೊಸ್ತಿಲು ತುಳಿಯಬಾರದು, ಲೈಸೆನ್ಸು ರದ್ದು, ಗೆದ್ದದ್ದನ್ನೆಲ್ಲ ಬಡ್ಡಿ ಸಮೇತ ಕಕ್ಕಬೇಕು, ಮೇಲೆ ದಂಡ. ರಾಜೇಂದ್ರನಿಗೂ ದಂಡ; ಕಾರ್ಖಾನೆಯವರು ಅವನ ಕತ್ತಿನ ಚೀಟಿ ಕಿತ್ತುಕೊಂಡರು. ಚನ್ನಾಜಮ್ಮನ ಖಾತೆ ಮುಚ್ಚಿ, ಇನ್ನು ಮುಂದೆ ಹೀಗೆ ಹೆಸರು ಕೊಡಬಾರದು ಎಂದು ಎಚ್ಚರಿಕೆ ಬರೆದಿದ್ದರು. ಬಿಳಿ ಕಾರನ್ನು ಮಾತ್ರ ಅಮೃತೇಶ ತಮ್ಮನ ಹೆಸರಿಗೆ ಮಾಡಿ ಉಳಿಸಿಕೊಂಡಿದ್ದ. ಬೆಲ್ಲ ಕಣ್ಣಿಗೊತ್ತಿಕೊಂಡಿದ್ದ ಗಿರಾಕಿಗಳು, 'ನಂಗೆ ಮೊದ್ಲೇ ಅನುಮಾನ ಇತ್ತು ಬುಡಿ ಸಾ' ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಗಾಜಿನ ಮೇಲಿನ ಗೂಳಿಯನ್ನು ಯಾರೋ ಮೊಳೆಯಲ್ಲಿ ಗೀರಿ ಕೊಂಬು ಅಳಿಸಿದರು. ಹಿಂದೆ ಅವನು ತುಂಬಿದ ಬೀದಿಯಲ್ಲಿ ನಡೆದರೆ ಎದ್ದು ನಿಲ್ಲುತ್ತಿದ್ದವರೇ ಇವರೆಲ್ಲ. ಇವನು ಎಂಥವನೋ ಇವನ ಊರೂ ಅಂಥದ್ದೇ.

ಅತ್ತೆಯ ಬಾಯಿಂದ ಮನೆ ಹಾಳಾಯಿತು ಎಂದು ಅವನು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಮಗಳಿಂದ ಒಂದು ಫೋನಿಲ್ಲ. ಗೌರಿಹಬ್ಬಕ್ಕೆ ಬಾಗಿನ ಕಳಿಸಿದರೆ ಅದು ತೆರೆಯದೆ ಹಿಂದಕ್ಕೆ ಬಂತು. ಅವತ್ತು ಚನ್ನಾಜಮ್ಮ ಗಿರಣಿ ಮುಚ್ಚಿ ಒಳಗೇ ಕೂತಿದ್ದಳು. ಮಾದಮ್ಮ ಬಾಗಿಲು ತಟ್ಟಿ, "ಸತ್ತೆಯೋ ಬದ್ಕಿದ್ದೀಯೋ? ರಾಗಿ ಬೀಸ್ಬೇಕು," ಎಂದು ಎಬ್ಬಿಸಿದಳು.

ಒಂದು ಶನಿವಾರ ಬೆಳಿಗ್ಗೆ ಗಿರಣಿಯಲ್ಲಿ ಜನ ತುಂಬಿದ್ದಾಗ ಆ ಬಿಳಿ ಕಾರು ಬಂದು ನಿಂತಿತು. ಮಧುಶ್ರೀ ಇಳಿದಳು. ಅಮೃತೇಶ ಇಳಿಯಲಿಲ್ಲ. ಮಗಳು ಸೊರಗಿದ್ದಳು, ಕೊರಳಲ್ಲಿ ಸರ ಇರಲಿಲ್ಲ. ಚೀಲದಿಂದ ಛಾಪಾ ಕಾಗದ ತೆಗೆದು, ತಾಯಿಯ ಮುಖ ನೋಡದೆ, "ಮೇಲ್ಕೋರ್ಟಿಗೆ ಆಕ್ತಾರಂತೆ. ಇದಕ್ಕೆ ಸಯಿ ಬೇಕಂತೆ," ಎಂದಳು.

"ಏನದೆ ಅದ್ರಲ್ಲಿ?"

ಮಧುಶ್ರೀ ಕಾಗದವನ್ನು ತಾಯಿಯ ಕಡೆ ಚಾಚಿದಳು.

"ಓದು ಕಣವ್ವಾ. ಈ ಸಲ ಎಲೆ ಮುಂದೆ ಯಾರೂ ಕೂತಿಲ್ಲ. ಓದ್ಸಿ ಆಕ್ತೀನಿ."

ಮಗಳು ಓದಿದಳು. ಮೊದಲ ಸಾಲುಗಳು ಸರಾಗವಾಗಿ ಬಂದವು, ಆಮೇಲೆ ತಡವರಿಸಿದವು. ವಿಚಾರಣೆಯ ದಿನ ತನಗೆ ಚಿತ್ತ ಸ್ವಾಧೀನದಲ್ಲಿರಲಿಲ್ಲ, ಗಂಡ ತೀರಿಕೊಂಡಂದಿನಿಂದ ಬುದ್ಧಿಭ್ರಮಣೆ ಇದೆ, ಅಂದು ಆಡಿದ್ದು ಅರ್ಥವಿಲ್ಲದ ಮಾತು ಎಂದು ಚನ್ನಾಜಮ್ಮ ಎಂಬ ನಾನು ಪ್ರಮಾಣ ಮಾಡಿ ಹೇಳುತ್ತೇನೆ. ಓದುತ್ತ ಓದುತ್ತ ಮಧುಶ್ರೀಯ ದನಿ ಇಳಿದು ಕೊನೆಗೆ ಗಿರಣಿಯ ಸದ್ದಿನೊಳಗೆ ಕೇಳಿಸದಾಯಿತು. ಕಾಗದ ತಂದವಳು ಅವಳೇ. ಆದರೆ ಒಳಗೆ ಏನಿದೆಯೆಂದು ಅವಳಿಗೂ ಆಗಲೇ ತಿಳಿದದ್ದು.

ಚನ್ನಾಜಮ್ಮ ಮೋಟರು ನಿಲ್ಲಿಸಿದಳು. ಕೈಯ ಹಿಟ್ಟು ಕೊಡವಿಕೊಂಡು ನೇರ ಕಾರಿನ ಹತ್ತಿರ ನಡೆ‌ದಳು. ಚೀಲ ಹಿಡಿದು ನಿಂತಿದ್ದವರೆಲ್ಲ ಹಿಂದೆಯೇ ಬಂದರು. ಕಿಟಕಿಯ ಗಾಜು ಅರ್ಧ ಇಳಿದಿತ್ತು.

"ಇಳಿಯಪ್ಪಾ," ಎಂದಳು. "ನಾನು ಮರುಳು ಅಂತ ಬರ್ಸಿದ್ದೀಯಲ್ಲ. ಈ ಬೀದಿ ಜನಕ್ಕೆ ಗೊತ್ತಿಲ್ದೆ ಇಷ್ಟು ದಿನ ನನ್ನತ್ರ ರಾಗಿ ಬೀಸಿಸ್ಕಂಡವ್ರೆ. ನೀನೇ ನಿಂತ್ಕಂಡು ಒಂದ್ಸಲ ಏಳು. ಬಾಯ್ಬುಟ್ಟು, ಎಲ್ರ ಮುಂದೆ, ನಮ್ಮತ್ತೆಗೆ ಮರುಳು ಅನ್ನು. ಅಂದ್ರೆ ಇಲ್ಲೇ ಸಯಿ ಆಕ್ತೀನಿ."

ಅಮೃತೇಶ ಸ್ಟೀರಿಂಗು ಹಿಡಿದು ಮುಂದೆ ನೋಡುತ್ತ ಕೂತ. "ಅತ್ತೆ, ರೋಡಲ್ಲಿ ಸೀನು ಮಾಡ್ಬೇಡಿ."

"ಏಳ್ಲಾ ಮತ್ತೆ!" ಎಂದಳು ಮಾದಮ್ಮ ಹಿಂದಿನಿಂದ. "ಕಾಗದದ ಮ್ಯಾಲೆ ಬರೆಸೋಕೆ ಬಾಯಿತ್ತಲ್ಲ, ಈಗ ಅದಕ್ಕೇನು ಬೆಲ್ಲ ತುರುಕ್ಕಂಡಿದ್ದೀಯಾ?"

ಗುಂಪು ಗೊಳ್ಳೆಂದು ನಕ್ಕಿತು. ಕಿಟಕಿಯ ಗಾಜು ಮೆಲ್ಲಗೆ ಮೇಲೇರತೊಡಗಿತು. ಗಾಜಿನ ಹಿಂದೆ ಅಮೃತೇಶನ ಹಣೆ, ಕಣ್ಣು, ಕೊನೆಗೆ ತಲೆಯ ತುದಿಯಷ್ಟೇ ಕಂಡಿತು. ಕಾರು ಹಿಂದಕ್ಕೆ ಬಂದು, ಒಬ್ಬರ ಗೋಧಿ ಚೀಲಕ್ಕೆ ತಾಗಿ, ತಿರುಗಿ, ಬಸ್‌ಸ್ಟ್ಯಾಂಡಿನ ಕಡೆ ಹೊರಟುಹೋಯಿತು.

ಹೆಂಡತಿ ಇಲ್ಲೇ ನಿಂತಿದ್ದಾಳೆಂಬುದು ಅವನಿಗೆ ಮರೆತುಹೋಗಿತ್ತು.

ಮಧುಶ್ರೀ ಗಿರಣಿಯ ಬಾಗಿಲಲ್ಲಿ ಛಾಪಾ ಕಾಗದ ಹಿಡಿದುಕೊಂಡು ಕಾರು ಹೋದ ದಿಕ್ಕನ್ನೇ ನೋಡುತ್ತಿದ್ದಳು. ಈಗ ತಿರುಗಿ ಬರುತ್ತದೆ ಎಂಬಂತೆ. ಫೋನು ಬರಲಿಲ್ಲ. ಕಾರೂ ಬರಲಿಲ್ಲ. ಚನ್ನಾಜಮ್ಮ ಏನೂ ಹೇಳಲಿಲ್ಲ. ಹೇಳಿದರೆ ಅವನ ಹೆಸರು ಬಾಯಿಗೆ ಬರಬೇಕಿತ್ತು. ಒಳಗೆ ಹೋಗಿ ಮೋಟರು ಬಿಟ್ಟಳು.

ಸ್ವಲ್ಪ ಹೊತ್ತಾದ ಮೇಲೆ ಮಗಳು ಒಳಗೆ ಬಂದಳು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಅಲುಗುತ್ತಿದ್ದ ತಕ್ಕಡಿಯ ಕಾಲಿನ ಕೆಳಗೆ ತುರುಕಿದಳು. ತಕ್ಕಡಿ ಅಲುಗುವುದು ನಿಂತಿತು.

"ಸಾಯಂಕಾಲದ ಬಸ್ಸಿಗೆ ಓಗಿ ಲಿಖಿತಾನ ಕರ್ಕೊಂಡು ಬತ್ತೀನಿ," ಎಂದಳು.

"ಇಬ್ರೂ ಓಗುವಾ," ಎಂದಳು ಚನ್ನಾಜಮ್ಮ. "ಮೊದ್ಲು ಮಾದಮ್ಮನ ರಾಗಿ ಸುರಿ. ಬೆಳಿಗ್ಗೆಯಿಂದ ಪ್ರಾಣ ತಿಂತಾವಳೆ."